ಎರಡು ಪುಸ್ತಕದ ಮದ್ದು

೨೦೦೪ರ ಒಂದು ಭಾನುವಾರ, ಅಮೆರಿಕದ ಲಾಂಗ್ ಬೀಚ್ ಬಂದರಿನ ಕ್ರೇನ್ ಇಂಜಿನಿಯರ್ ಗುರುಸಿದ್ದಪ್ಪ ಡೈಮಂಡ್ ಬಾರ್ ಎಂಬ ಊರಿನ ತನ್ನ ಮನೆಯ ಗ್ಯಾರೇಜಿನಲ್ಲಿ ತಲೆ ಕೆರೆದುಕೊಳ್ಳುತ್ತ ಕೂತಿದ್ದ. ಹಾರಿಸಿ ಖಾಲಿಯಾದ ಪಿಸ್ತೂಲು ತೋಟಾಗಳಿಗೆ ಮತ್ತೆ ಮದ್ದು ತುಂಬುವುದು ಅವನ ಹುಚ್ಚು. ಆದರೆ ಎಷ್ಟು ಮದ್ದಿನಿಂದ ಶುರು ಮಾಡಬೇಕೆಂದು ಅವನ ಬಳಿಯಿದ್ದ ಎರಡು ಕೈಪಿಡಿ ಪುಸ್ತಕ ಎರಡು ಅಂಕಿ ಹೇಳುತ್ತಿದ್ದವು. ಅದೇ ಮದ್ದು, ಅದೇ ಗುಂಡು! ಪುಸ್ತಕ ಬರೆದ ಹಾಳಾದವರು ಒಂದು ಸಲ ಕೂತು ಮಾತಾಡಿಕೊಳ್ಳಬಾರದೇ? ಯಾವುದನ್ನು ನಂಬಲಿ? ಕೊನೆಗೆ ಇಂಜಿನಿಯರ್ ಬುದ್ಧಿ ಬಿಡಲಿಲ್ಲ, ಎರಡರ ಸರಾಸರಿ ತೆಗೆದು ಪೆನ್ಸಿಲಿನಲ್ಲಿ ಒಂದು ಚೀಟಿಯ ಮೇಲೆ ಬರೆದ.

ಡ್ರೈಯರ್‌ನಿಂದ ಬಟ್ಟೆ ತೆಗೆಯಲು ಬಂದ ಹೆಂಡತಿ ನೀಲಾಂಬಿಕಾ ಚೀಟಿ ನೋಡಿದಳು.

"ಹೆಚ್ಚಾದ್ರ ಏನಾಗ್ತದ್ರಿ?"

"ಪಿಸ್ತೂಲು ಕೈಯಾಗ ಒಡೀತದ."

"ಪುಸ್ತಕದಾಗಿನ ಕಡಿಮಿ ಅಂಕಿ ಹಾಕಿದ್ರ?"

"ಏನೂ ಆಗಂಗಿಲ್ಲ."

"ಮತ್ತ ಅದರಿಂದ ಶುರು ಮಾಡ್ರಿ. ಪುಸ್ತಕ ಬರೆದವರ ಬೆರಳು ಹೋಗಂಗಿಲ್ಲ."

ಗುರುಸಿದ್ದಪ್ಪ ಸರಾಸರಿ ಅಳಿಸಿದ. ರಬ್ಬರ್ ಹಿಡಿದ ಬೆರಳುಗಳನ್ನು ಯಾಕೋ ಒಂದೊಂದಾಗಿ ಎಣಿಸಿದ.