ಕರ್ಪೂರಕ್ಕೆ ತಪಾಸಣೆ ಇರಲಿಲ್ಲ

ಹೈದರಾಬಾದಿನ ಹೊರವಲಯದ ಔಷಧ ಕಾರ್ಖಾನೆಯಲ್ಲಿ ಮೊದಲ ದಿನ ಬಾಗಿಲಲ್ಲೇ ನನ್ನ ಅಂಗಿ ಬಿಚ್ಚಿಸಿದರು. ಕೆಲಸ ಸಿಕ್ಕಿತೆಂದು ಅವ್ವ ಸಿಂಧನೂರಿನಲ್ಲಿ ಹೊಲಿಸಿದ ಟೆರಿಲಿನ್ ಅಂಗಿ. ಅದು ಉಜ್ಜಿದರೆ ಕಿಡಿ ಹುಟ್ಟುತ್ತದಂತೆ. ಹತ್ತಿಯದೊಂದು ಕೊಟ್ಟು, ಬೆಂಕಿಪೆಟ್ಟಿಗೆಗಾಗಿ ಜೇಬು ತಡಕಿದರು. ನಮ್ಮ ಮಸ್ಕಿಯಲ್ಲಿ ಹೊಸ ಅಂಗಿ ತೊಟ್ಟವನನ್ನು ಹರಸುತ್ತಾರೆ.

ಅಲ್ಲಿ ಮಾತ್ರೆಗಳಿಗೆ ಪಾಲಿಮರ್ ಪದರ ಹಚ್ಚುತ್ತಿದ್ದೆವು. ಜಠರದ ಹುಳಿಗೆ ಕರಗದೆ, ದೊಡ್ಡ ಕರುಳು ಮುಟ್ಟಿದ ಮೇಲಷ್ಟೇ ಬಿಚ್ಚಿಕೊಳ್ಳುವ ಪದರ. ಪಾಲಿಮರನ್ನು, ಕಿಡಿ ಸೋಕಿದರೂ ಹೊತ್ತಿಕೊಳ್ಳುವ ಅಸಿಟೋನಿನಲ್ಲಿ ಕರಗಿಸಿ, ತಿರುಗುವ ಉಕ್ಕಿನ ಕೊಪ್ಪರಿಗೆಯೊಳಗೆ ಸಿಂಪಡಿಸಬೇಕು. ಕೊಪ್ಪರಿಗೆ ನಡೆಸುವವನು ನಮ್ಮ ಕಡೆಯವನೇ, ತುರ್ವಿಹಾಳದ ಯಲ್ಲಪ್ಪ.

"ಲಿಂಗಸುಗೂರಿನ ಎಕ್ಸ್‌ಪ್ರೆಸ್ ಬಸ್ ಇದ್ದಂಗ್ರೀ ಸರ ಈ ಗುಳಿಗಿ. ನಡುವ ಮಸ್ಕ್ಯಾಗ ಕೈ ಮಾಡಿದ್ರೂ ನಿಂದ್ರಂಗಿಲ್ಲ, ಸೀದಾ ಸಿಂಧನೂರಾಗ ಇಳಸ್ತೈತಿ. ನಿಮ್ಮೂರಿಗೆ ಕಿಮ್ಮತ್ತೇ ಇಲ್ಲ ನೋಡ್ರಿ!"

ಮೂರು ಹೊತ್ತು ಅನ್ನ ತಿಂದು ಬೇಸತ್ತವನಿಗೆ 'ಜೊನ್ನ ರೊಟ್ಟೆ', ಅಂದರೆ ನಮ್ಮ ಜೋಳದ ರೊಟ್ಟಿ, ಸಿಗುವ ಮನೆ ತೋರಿಸಿದವನೂ ಅವನೇ. ನಾಲೆ ಬಂದ ಮೇಲೆ ಆಂಧ್ರದ ರೈತರು ಬಂದು ನೆಲೆಸಿದ ಸೀಮೆಯವನಾದ್ದರಿಂದ ತೆಲುಗು ಅವನ ನಾಲಗೆಯಲ್ಲಿತ್ತು. ಊರಿನ ಮಾತು ಕೇಳಬೇಕೆನಿಸಿದಾಗ ನಾನು ಕೊಪ್ಪರಿಗೆಯ ಬಳಿ ಹೋಗಿ ನಿಲ್ಲುತ್ತಿದ್ದೆ.

ಆಯುಧಪೂಜೆಯ ದಿನ ಕೊಪ್ಪರಿಗೆಯನ್ನು ಅಸಿಟೋನಿನಿಂದಲೇ ಒರೆಸಿ ಫಳಫಳ ಮಾಡಿದರು. ಕರ್ಪೂರ ಆರದಿರಲೆಂದು ಯಾರೋ ಆವಿ ಹೊರಗೆಳೆಯುವ ಫ್ಯಾನ್ ನಿಲ್ಲಿಸಿದರು. ದಿನವೂ ಜೇಬು ತಡಕುವ ಕಾವಲುಗಾರ ಅಂದು ಉರಿಯುವ ತಟ್ಟೆಗೆ ಕೈ ಮುಗಿದು ದಾರಿ ಬಿಟ್ಟ. ಅಸಿಟೋನಿನ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ನಿಲ್ಲುತ್ತದೆ. ಬಾಗಿಲಲ್ಲಿದ್ದ ನನ್ನ ಮೂಗಿಗೆ ಅದು ಬಡಿಯುವಷ್ಟರಲ್ಲಿ ಯಲ್ಲಪ್ಪ ತಟ್ಟೆಯನ್ನು ಕೊಪ್ಪರಿಗೆಯ ಬುಡದಲ್ಲಿಡಲು ಬಗ್ಗಿದ್ದ.

"ಯಲ್ಲಪ್ಪಾ!"

ನಾಲೆಗೆ ನೀರು ಬಿಟ್ಟಂತೆ ನೀಲಿ ಬೆಂಕಿ ನೆಲದುದ್ದ ಹರಿಯಿತು. ಈಗಲೂ ಕಣ್ಣು ಮುಚ್ಚಿದರೆ ಅವನು ಬಗ್ಗುತ್ತಲೇ ಇರುತ್ತಾನೆ. ಒದ್ದೆ ಗೋಣಿ ಹೊದಿಸಿ ಎಳೆದೆವು. ಮೂಲೆಯ ಅಸಿಟೋನ್ ಡ್ರಮ್ಮಿನ ಮುಚ್ಚಳ ಬಿಗಿಯಾಗಿದ್ದುದರಿಂದ ಉಳಿದೆವು.

ಮರುದಿನ ವಿಜಯದಶಮಿ, ಆಸ್ಪತ್ರೆಗೆ 'ಜಮ್ಮಿ' ಎಲೆ ಒಯ್ದೆ. ಅಲ್ಲಿಯವರ ಜಮ್ಮಿ ನಮ್ಮ ಬನ್ನಿಯೇ. ಹುಬ್ಬು ಸುಟ್ಟ ಮುಖದಲ್ಲೇ ಅವನು ನಕ್ಕ.

"ಎರಡೂ ಕೈ ಕಟ್ಯಾರ್ರೀ. ಕಿವ್ಯಾಗ ಸಿಗಸ್ರಿ. ಬನ್ನಿ ತಗೊಂಡು ಬಂಗಾರದಂಗ ಇರೂಣು."

ಬಲಗೈಯ ಬೆರಳುಗಳು ಪೂರ್ತಿ ಮಡಚದಿದ್ದರೂ ಅವನು ಕೆಲಸಕ್ಕೆ ಮರಳಿದ. ಈಗ ಆ ಕೋಣೆಗೆ ಕರ್ಪೂರ ಬಿಡುವುದಿಲ್ಲ. ಹಬ್ಬದ ದಿನ ಅದಿಲ್ಲದೆ ಬಿಕೋ ಎನ್ನುತ್ತದೆ, ಊರಿಗೆ ಓಡಬೇಕೆನಿಸುತ್ತದೆ. ಓಡಿ ಬರುತ್ತೇನೆ ಕೂಡ. ಮಸ್ಕಿಯ ಮನೆಯಲ್ಲಿ ಅವ್ವ ಆರತಿ ತಟ್ಟೆ ಹಿಡಿದು ಕೂಗುತ್ತಾಳೆ:

"ಫ್ಯಾನ್ ಬಂದ್ ಮಾಡೋ, ಕರ್ಪೂರ ಆರತೈತಿ!"

ಸ್ವಿಚ್ಚಿನ ಮೇಲೆ ಕೈ ಇಡುತ್ತೇನೆ. ಒತ್ತಲಾಗುವುದಿಲ್ಲ.