ತಂಗಿಯ ಸಾವು, ಕಾಕುವಿನ ತಕರಾರು

ಹೋದ ತಿಂಗಳು ಒಂದು ಸೋಮವಾರ ಸಂಜೆ ಏಳೂವರೆಗೆ ನನ್ನ ತಂಗಿ ಸತ್ತಳು. ಎಂಟು ಗಂಟೆಗೆ ಫೋನ್ ಮಾಡಿದಳು.

“ಅಕ್ಕಾ, ನೋಡಿದೇನು? ಹ್ಯಾಂಗ ಸತ್ತೆ?”

“ಛೊಲೊ ಸತ್ತಿ,” ಎಂದೆ. ಸುಳ್ಳಲ್ಲ. ವಾಡೆಯ ಮೆಟ್ಟಿಲ ಮೇಲಿಂದ ಉರುಳಿ ಬೀಳುವಾಗಲೂ ಅವಳ ಸೀರೆಯ ನಿರಿಗೆ ಒಂಚೂರು ಕೆಟ್ಟಿರಲಿಲ್ಲ. (ನನಗೆ ಶಾಲೆಯ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಕೆಟ್ಟಿರುತ್ತದೆ.) ಬೇಜಾರಾದದ್ದು ಅವಸರಕ್ಕೆ. ಎರಡು ವರ್ಷ ಅದೇ ಮರಾಠಿ ಸೀರಿಯಲ್ಲಿನ ಮಂದಿ ಮಾವನಿಗೆ ಒಂದು ಕಪ್ ಚಹಾ ಕೊಡಿಸಲು ಮೂರು ಎಪಿಸೋಡ್ ತೆಗೆದುಕೊಂಡಿದ್ದರು. ಈಗ ನೋಡಿದರೆ ಅರ್ಧ ಗಂಟೆಯಲ್ಲಿ ಸಾಯಿಸಿ, ಸುಟ್ಟು, ಎರಡು ಸೋಪಿನ ಜಾಹೀರಾತಿನ ನಡುವೆ ಬೂದಿಯನ್ನೂ ನದಿಗೆ ಬಿಟ್ಟು ಕೈ ತೊಳೆದುಕೊಂಡರು!

ಹೊಸ ಓದುಗರಿಗೆ ಹೇಳಿಬಿಡುತ್ತೇನೆ. ಈಕೆ ಶಿವಲೀಲಾ, ನನ್ನ ಕಾಕಾನ (ಚಿಕ್ಕಪ್ಪನ) ಮಗಳು, ಮಹಾರಾಷ್ಟ್ರದ ಗಡಿಯ ವಲಾಂಡಿಯವಳು. ನಮಗೆ ಲೀಲಿ. ಪರದೆಯ ಮೇಲೆ ಬರೀ ಲೀಲಾ. (ಶಿವ ಮುಂಬೈ ಬಸ್ಸಿನಲ್ಲಿಯೇ ಉಳಿದುಹೋದ.) ಉದಗೀರದ ಕಾಲೇಜಿನ ಗ್ಯಾದರಿಂಗಿನಲ್ಲಿ ನಾಟಕ ಮಾಡಿ, ಚಪ್ಪಾಳೆಯನ್ನು ನಂಬಿ ಹೊರಟವಳು. ಮೊದಲ ಸಿನಿಮಾದಲ್ಲಿ ನಾಯಕಿಯ ಹಿಂದೆ ಕೊಡ ಹೊತ್ತು ನಿಂತಳು. ಎರಡನೆಯದರಲ್ಲಿ ನರ್ಸ್. “ಡಾಕ್ಟರ್ ಬರ್ತಿದ್ದಾರೆ” ಅನ್ನುವುದಷ್ಟೇ ಅವಳ ಮಾತು. ಆ ಒಂದು ಮಾತನ್ನೂ ಬೇರೆ ಯಾರಿಂದಲೋ ಡಬ್ ಮಾಡಿಸಿದರು.

ಯಾಕೆ ಅಂತೀರಾ? ಅವಳ ಮರಾಠಿಯಲ್ಲಿ ಕನ್ನಡದ ವಾಸನೆಯಂತೆ. ಸರಿ, ಕನ್ನಡ ಸೀರಿಯಲ್ಲಿಗೆ ಹೋಗೋಣ ಅಂತ ಬೆಂಗಳೂರಿಗೆ ಹೋದರೆ, ಅಲ್ಲಿ ಅವಳ ಕನ್ನಡದಲ್ಲಿ ಮರಾಠಿಯ ವಾಸನೆ! ಗಡಿಯಲ್ಲಿ ಹುಟ್ಟಿದವರ ಹಣೆಬರಹ ನೋಡಿ. ಆ ನರ್ಸ್ ಸಿನಿಮಾ ಟೀವಿಯಲ್ಲಿ ಬಂದಾಗ ಕಾಕು (ಲೀಲಿಯ ತಾಯಿ) ದಂಗಾಗಿ ಕೇಳಿದ್ದಳು, “ಬಾಯಿ ನಮ್ಮ ಹುಡುಗೀದು, ಧ್ವನಿ ಯಾರ್ದೇ ಇದು?”

ಹಾಗಾಗಿ ವಾಡೆಯ ಹಿರಿಯ ಸೊಸೆಯ ಈ ಪಾತ್ರ ಅವಳಿಗೆ ದೊಡ್ಡದು. ಹತ್ತು ವರ್ಷದಲ್ಲಿ ಮೊದಲ ಸಲ ಅವಳ ಮುಖಕ್ಕೆ ಅವಳದೇ ಧ್ವನಿ ಇತ್ತು. ಅದು ಹೋಗುವ ಸುದ್ದಿ ವಾಟ್ಸಪ್ಪಿನಲ್ಲಿ ಬಂತಂತೆ. ಸೀನ್ ಹನ್ನೆರಡು, ಹಿರಿಯ ಸೊಸೆ ಸಾಯುತ್ತಾಳೆ. ಕೆಳಗೆ ಕೈ ಮುಗಿದ ಒಂದು ಇಮೋಜಿ. ಆಫೀಸಿನಲ್ಲಿ ಕೆಲಸ ಹೋದರೆ ಕೊನೆಯಪಕ್ಷ ಕುರ್ಚಿಯಲ್ಲಿ ಕೂರಿಸಿ ಹೇಳುತ್ತಾರೆ, ಅಲ್ಲವೇ?

“ಅಕ್ಕಾ, ನಾಳಿ ರಜಾ ಹಾಕು. ನನ್ನ ಜೋಡಿ ವಲಾಂಡಿಗಿ ಬಾ,” ಎಂದಳು ಫೋನಿನಲ್ಲಿ. “ನಾ ಸತ್ತದ್ದು ಅವ್ವ ನೋಡ್ಯಾಳ. ಕೆಲಸ ಹೋಗಿದ್ದು ಆಕಿಗಿ ತಿಳಿದಿರಂಗಿಲ್ಲ. ಒಬ್ಬಾಕಿನೇ ಹೇಳ್ಲಿಕ್ಕ ಧೈರ್ಯ ಇಲ್ಲ.”

ಧೈರ್ಯ ಬೇಕಿತ್ತು, ನಿಜ. ಮುಂಬೈಗೆ ಕಳಿಸುವ ದಿನ ಕಾಕು ಒಂದೇ ಕರಾರು ಹಾಕಿದ್ದಳು. “ಕೆಲಸ ಇರೋತನ ಇರು. ಕೆಲಸ ಇಲ್ಲದ ದಿನ ಸೀದಾ ಮನಿಗಿ ಬಾ.” ಮನೆ ಅಂದರೆ ಮದುವೆ. ಉದಗೀರದ ಅರಿವೆ ಅಂಗಡಿಯವರು ಎರಡು ವರ್ಷದಿಂದ ಹೆಣ್ಣು ಕೇಳುತ್ತಲೇ ಇದ್ದರು.

ಮರುದಿನ ನಮ್ಮೂರು ಉಮರ್ಗಾದ ಸ್ಟ್ಯಾಂಡಿನಲ್ಲಿ ಇಳಿದವಳ ಜೊತೆ ನಿಲಂಗಾ ಮೇಲಿಂದ ಹೋಗುವ ಬಸ್ಸು ಹತ್ತಿದೆ. ಕಂಡಕ್ಟರ್ ಟಿಕೆಟ್ ಕೊಡುವ ಕೈಯನ್ನು ಹಾಗೇ ನಿಲ್ಲಿಸಿದ. “ಅಹೋ, ತುಮ್ಹೀ ತರ ಕಾಲ್ ಗೇಲಾತ್ ನಾ?” ನೀವು ನಿನ್ನೆ ಹೋಗಿಬಿಟ್ಟಿರಲ್ಲ ಅಂತ! ಲೀಲಿ ಹೌದೆಂದು ತಲೆಯಾಡಿಸಿದಳು. ಹೆಣ್ಣುಮಕ್ಕಳಿಗೆ ಇರುವ ಅರ್ಧ ಟಿಕೆಟನ್ನೇ ಪಾಪ ಸತ್ತವಳಿಗೂ ಕೊಟ್ಟ. ಇಡೀ ಬಸ್ಸು ತಿರುಗಿ ನೋಡಿ ನಕ್ಕಿತು, ಅವಳೂ ನಕ್ಕಳು. ಆದರೆ ನಿಲಂಗಾ ದಾಟಿದ ಮೇಲೆ ಅವಳ ನಗು ಹೋಯಿತು. “ಅಕ್ಕಾ, ಒಮ್ಮಿ ಮುಂಬೈ ಬಿಟ್ರ ಮತ್ತ ಯಾರೂ ಕರೆಂಗಿಲ್ಲ,” ಎಂದಷ್ಟೇ ಹೇಳಿ ಕಿಟಕಿಯ ಕಡೆ ಮುಖ ತಿರುಗಿಸಿದಳು.

ವಲಾಂಡಿಯ ಮನೆಯಲ್ಲಿ ಕಾಕು ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಮಗಳ ತಲೆಯ ಸುತ್ತ ರೊಟ್ಟಿ ನಿವಾಳಿಸಿ ಆಚೆಗೆ ಎಸೆದಳು. ಒಳಗೆ ನೋಡಿದರೆ ಬಾಜೂ ಮನೆಯವರು ಕೊಟ್ಟುಹೋದ ರೊಟ್ಟಿ, ಕಡಲೆಹಿಟ್ಟಿನ ಪಿಠಲಾ. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದಲ್ಲ! ಲೀಲಿ ಬದುಕಿದ್ದಾಳೆಂದು ಅವರಿಗೂ ಗೊತ್ತು. ಆದರೂ ಇರಲಿ ಅಂತ ಕೊಟ್ಟಿದ್ದರು. ನಾವೂ ಇರಲಿ ಅಂತ ಉಂಡೆವು.

ಕೈ ತೊಳೆಯುವಷ್ಟರಲ್ಲಿ ಕಾಕು ಸ್ಫೋಟಿಸಿದಳು.

“ಸುಟ್ರಲ್ಲೇ ನಿನ್ನ! ನಮ್ಮ ಪೈಕಿ ಸುಡ್ತಾರೇನೇ? ಹೊಲದ ಮೂಲ್ಯಾಗ ನಿಮ್ಮಪ್ಪನ ಸಮಾಧಿ ಅದ. ಬಾಜೂಕ ಜಾಗಾ ಅದ. ನೀ ನೋಡಿದ್ರ ಹೋಗಿ ಕಟ್ಟಿಗಿ ಮ್ಯಾಲ ಮಲಗಿದಿ!”

“ಯವ್ವಾ, ಅದು ಪಾತ್ರ. ಆ ವಾಡೇದ ಮಂದಿಯೊಳಗ ಸುಡ್ತಾರ.”

“ಪಾತ್ರ ಯಾರ್ದರೆ ಇರ್ಲಿ, ಮಾರಿ ನಮ್ದೇ ಅಲ್ಲೇನು? ಒಂದು ಮಾತು ಹೇಳ್ಲಿಕ್ಕ ಬರ್ಲಿಲ್ಲೇನು ನಿಂಗ, ನಂಗ ಹೂಳ್ರಿ ಅಂತ?”

ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಕೂತೆ. (ಒಂದು ವಾರದ ಅಂಕಣ ಸಿಕ್ಕಿತು ಎಂಬ ಖುಷಿಯೂ ಇತ್ತು ಅನ್ನಿ.) ಲೀಲಿ ಮಾತ್ರ ನಗಲಿಲ್ಲ. ಕಣ್ಣು ತುಂಬಿಕೊಂಡು ಹೇಳಿಯೇಬಿಟ್ಟಳು.

“ಸುಟ್ಟಿದ್ದು ಬಿಡವ್ವಾ. ನನ್ನ ಕೆಲಸ ಹೋಯ್ತು.”

“ಮತ್ತ ನಾ ಏನು ಹೇಳ್ಲಿಕತ್ತೀನಿ?” ಕಾಕು ಗದರಿದಳು. “ಹೋದ ವರ್ಷ ಆ ವಾಡೇದ ನಿಮ್ಮತ್ತಿ ಹೊಳ್ಯಾಗ ಬಿದ್ಲು. ಹೆಣ ಸಿಗಲಿಲ್ಲ. ಮೂರು ತಿಂಗಳಿಗಿ ಹೊಳ್ಳಿ ಬಂದ್ಲೋ ಇಲ್ಲೋ? ನಿನ್ನ ಹೊಲದಾಗ ಹೂಳಿದ್ರ ಯಾವನರೆ ಸಾಧು ಬಂದು ಎಬ್ಬಿಸ್ತಿದ್ದ. ಸುಟ್ಟು, ಬೂದಿನೂ ನೀರಿಗಿ ಬಿಟ್ರು. ಹೊಳ್ಳಿ ಹ್ಯಾಂಗ ಬರ್ತಿ ನೀ? ಅವರಿಗಿ ನಿನ್ನ ಕರಿಯೋ ಮನಸೇ ಇಲ್ಲ. ನಂಗ ಅವಾಗೇ ತಿಳೀತು.”

ನನ್ನ ನಗು ಅಲ್ಲಿಗೇ ನಿಂತಿತು. ಕಾಕು ಆಚಾರದ ತಕರಾರು ತೆಗೆದಿದ್ದಾಳೆ ಅಂದುಕೊಂಡಿದ್ದೆ. ಎರಡು ವರ್ಷ ದಿನಾ ಸಂಜೆ ಟೀವಿ ಮುಂದೆ ಕೂತ ಆ ಹೆಂಗಸು ಕಥೆಯನ್ನು ನೋಡಲೇ ಇಲ್ಲವೆಂದು ಆಗ ಗೊತ್ತಾಯಿತು. ಅವಳು ನೋಡುತ್ತಿದ್ದದ್ದು ಮಗಳ ನೌಕರಿಯನ್ನು. ನಾನು ಅಷ್ಟೂ ಎಪಿಸೋಡ್ ನೋಡಿ ಗಮನಿಸಿದ್ದು ಸೀರೆ! ನಾಚಿಕೆಯಾಯಿತು.

“ಕೆಲಸ ಇಲ್ಲದ ದಿನ ಮನಿಗಿ ಬಾ ಅಂದಿದ್ದಿ. ಬಂದೀನಿ,” ಎಂದಳು ಲೀಲಿ, ನೆಲ ನೋಡುತ್ತ.

“ಬಂದಿ, ಛೊಲೊ ಆಯ್ತು. ಎರಡು ದಿನ ಉಂಡು ಮಲಗಿ ಹೋಗು.”

“ಮತ್ತ ಉದಗೀರದವರು?”

“ನಿನ್ನೆ ಅವರೇ ಫೋನ್ ಮಾಡಿದ್ರು. ‘ಹುಡುಗಿ ಕೆಲಸ ಮುಗೀತಲ್ರೀ, ಇನ್ನರೆ ಲಗ್ನದ ಮಾತು ಆಡೋಣು’ ಅಂದ್ರು.” ಕಾಕು ತಾಟು ಎತ್ತಿಕೊಂಡು ಏಳುತ್ತ ಹೇಳಿದಳು. “ಸತ್ತಾಕಿಗಿ ಎಲ್ಲಿ ಲಗ್ನ ಮಾಡ್ಲಿರೀ ಅಂದೆ. ಫೋನ್ ಇಟ್ಟೆ.”

ಲೀಲಿ ತಾಯಿಯನ್ನು ತಬ್ಬಿಕೊಂಡು ಅತ್ತಳು. ಸೀರಿಯಲ್ಲಿನಲ್ಲಿ ಅವಳು ಇಷ್ಟು ಕೆಟ್ಟದಾಗಿ ಅತ್ತದ್ದೇ ಇಲ್ಲ. ಮೂಗು, ಕಾಡಿಗೆ ಎಲ್ಲ ಒಂದಾಗಿತ್ತು.

ಎರಡು ದಿನಕ್ಕೆಂದು ಉಳಿದವಳು ನಾಲ್ಕು ದಿನ ಇದ್ದು ಮುಂಬೈಗೆ ಹೋದಳು. ಅಲ್ಲಿ ಮತ್ತೆ ಫೋಟೋ, ಆಡಿಶನ್, “ತಿಳಿಸ್ತೀವಿ” ಅನ್ನುವವರು. ಮೊನ್ನೆ ಗುರುವಾರ ಅಂತೂ ಕರೆ ಬಂತು. ಹೊಸ ಸೀರಿಯಲ್, ನಾಯಕನ ಅಕ್ಕನ ಪಾತ್ರ, ಧ್ವನಿಯೂ ಅವಳದೇ. ನನ್ನನ್ನೂ ಕಾಕುವನ್ನೂ ಒಟ್ಟಿಗೆ ಫೋನಿನಲ್ಲಿ ಹಿಡಿದು ಒಂದೇ ಉಸುರಿಗೆ ಹೇಳಿದಳು: ದೊಡ್ಡ ಮನೆತನವಂತೆ, ಮನೆ ಮುಂದೆ ಎರಡು ಕಾರಂತೆ, ಮೈತುಂಬ ಬಂಗಾರವಂತೆ, ದಿನಕ್ಕೊಂದು ಸೀರೆಯಂತೆ.

ಕಾಕು ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡಳು. ಆಮೇಲೆ ಒಂದೇ ಪ್ರಶ್ನೆ.

“ಅದೆಲ್ಲಾ ಇರ್ಲಿ. ಆ ಮನಿಯವರಿಗಿ ಹೊಲ ಅದನೋ ಇಲ್ಲೋ?”