ಹೊಸ್ತಿಲಾದ ಮಗ್ಗ

ತನ್ನ ಕಣ್ಣು ಪೂರ್ತಿ ಮಸುಕಾಗುವ ಮೊದಲು ನನಗೆ ನೇಯ್ಗೆ ಕಲಿಸಬೇಕೆಂದು ದೊಡ್ಡಮ್ಮ ಹಟ ಹಿಡಿದಿದ್ದಳು. ಹಳೆಯ ಕೈಮಗ್ಗಕ್ಕಾಗಿ ಉಮರ್ಗಾ, ನಿಲಂಗಾ ಊರುಗಳನ್ನೆಲ್ಲ ಸುತ್ತಿದೆ. ಸಿಕ್ಕವರೆಲ್ಲ ಮಗ್ಗ ಒಲೆಗೆ ಹೋಯಿತೆಂದರು. ಕಾಸಾರಶಿರಸಿಯಲ್ಲಿ ಒಂದಿದೆಯೆಂದು ಕೇಳಿ ಅವಳನ್ನೂ ಬಸ್ಸಿನಲ್ಲಿ ಕರೆದೊಯ್ದೆ.

ಆ ಮನೆಯ ಮುದುಕಿ ನಮ್ಮ ಕಾಲ ಬಳಿ ತೋರಿಸಿದಳು. ಮಗ್ಗದ ತೇಗದ ತೊಲೆ ಬಾಗಿಲಿಗೆ ಹೊಸ್ತಿಲಾಗಿತ್ತು, ಮೇಲೆ ಅರಿಶಿನ ಕುಂಕುಮ.

"ನಮ್ಮವರು ಹೋದ ಮ್ಯಾಲ ಮಾರಾಕ ಮನಸ್ಸಾಗಲಿಲ್ರೀ. ಇಲ್ಲಿ ಕೂಡಿಸೀನಿ. ಸೊಸಿ ದಿನಾ ಪೂಜಿ ಮಾಡತಾಳ."

ಬಿಚ್ಚಿ ಕೊಡುತ್ತೀರಾ ಎಂದು ಕೇಳಹೋದೆ. ದೊಡ್ಡಮ್ಮ ನನ್ನ ಕೈ ಜಗ್ಗಿದಳು.

"ಮಂದಿ ಮನಿ ಹೊಸ್ತಿಲಾ ಕೇಳತಾರೇನ ಹುಚ್ಚಿ? ಸುಮ್ಮ ಇರು."

ಆಮೇಲೆ ಅವಳೇ ಬಗ್ಗಿ, ನೂಲು ಎಳೆದು ಸವೆದ ಗೆರೆಗಳನ್ನು ಬೆರಳಿನಿಂದ ಹುಡುಕಿದಳು.

"ಹಾಸಿನ ನೂಲು, ಅಂದ್ರ ಉದ್ದದ ಎಳಿ, ಇಲ್ಲಿಂದ ಸುರು ಮಾಡಬೇಕವ್ವ."

ನಾನೂ ಬಗ್ಗಿ ಅದೇ ಗೆರೆಯ ಮೇಲೆ ಬೆರಳಿಟ್ಟೆ.